ಮುಂದೆ ಸ್ಪೀಡ್ ಗನ್ ಇದೆ ಅಂತ ಬೇರೆಯವರಿಗೆ ಹೇಳಿದರೆ ಕೇಸ್ ಆಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಇಷ್ಟು. ಉಡುಪಿಯಿಂದ ಮಂಗಳೂರಿಗೆ ಬರುತ್ತಿದ್ದಿರಿ. ಡಿವೈಡರ್ ಆಚೆ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತದ್ದು ಕಂಡಿತು. ಎದುರಿನಿಂದ ಬರುವ ನಾಲ್ಕೈದು ಗಾಡಿಗಳಿಗೆ ಹೆಡ್‌ಲೈಟ್ ಮಿಂಚಿಸಿದಿರಿ, ಮನೆಗೆ ಬಂದು ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದಿರಿ. ಈಗ ಇಂಗ್ಲೆಂಡಿನಲ್ಲಿರುವ ಭಾವ "ಅದು ಕ್ರೈಮ್" ಅಂದಿದ್ದಾರೆ, ನಿಮಗೆ ನಿದ್ದೆ ಇಲ್ಲ.

ಹೆದರಬೇಡಿ ಮಾರಾಯ್ರೇ. ಸ್ಪೀಡ್ ಗನ್ ಇದೆ ಅಂತ ಯಾರಿಗೂ ಹೇಳಬಾರದು ಎನ್ನುವ ಸೆಕ್ಷನ್ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ನಾನು ಕಾನೂನು ಓದಿದವನು, ಆದರೆ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಕಾಪುವಿನಿಂದ ಬೈಕಂಪಾಡಿಯ ಆಫೀಸಿಗೆ ದಿನಾ ಇದೇ ಹೆದ್ದಾರಿ 66ರಲ್ಲಿ ಓಡಾಡುತ್ತೇನೆ. ಹಾಗಾಗಿ ಸ್ವಲ್ಪ ಪುಸ್ತಕ ಗೊತ್ತು, ಜಾಸ್ತಿ ರಸ್ತೆ ಗೊತ್ತು.

ಪೊಲೀಸರು ನಿಮ್ಮ ಮೇಲೆ ಏನಾದರೂ ಹಾಕಲೇಬೇಕು ಅಂದರೆ ಸಿಗುವುದು "ಕರ್ತವ್ಯಕ್ಕೆ ಅಡ್ಡಿ" ಮಾತ್ರ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 221 ಅದು, ಹಳೆಯ ಐಪಿಸಿಯ 186. ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೋಟಾರು ವಾಹನ ಕಾಯ್ದೆಯ 179ರಲ್ಲೂ ಅಡ್ಡಿ ಮಾಡಿದರೆ ದಂಡ ಇದೆ. ಅಡ್ಡಿ ಅಂದರೆ ಮೈಮೇಲೆ ಹೋಗಿಯೇ ತಡೆಯಬೇಕಾ, ಬೇರೆ ರೀತಿಯಲ್ಲಿ ಕೆಲಸ ಕೆಡಿಸಿದರೂ ಸಾಕಾ ಎಂಬುದರಲ್ಲಿ ನಮ್ಮ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಅದೂ ಅಲ್ಲದೆ 221ರ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಆ ಅಧಿಕಾರಿಯೋ ಅವರ ಮೇಲಿನವರೋ ಲಿಖಿತ ದೂರು ಕೊಡಬೇಕು. ಲೈಟ್ ಮಿಂಚಿಸಿದ್ದಕ್ಕೆ ಯಾರು ಅಷ್ಟು ಕಾಗದ ಹಿಡಿದು ಕೂರುತ್ತಾರೆ ಹೇಳಿ?

ನನಗೆ ಇದಕ್ಕಿಂತ ಗಟ್ಟಿ ಅನ್ನಿಸುವ ಮಾತು ಬೇರೆ ಇದೆ. 2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಒಂದು ನಿಯಮ ಸೇರಿತು. ಕ್ಯಾಮೆರಾ, ಸ್ಪೀಡ್ ಗನ್ ಇಂಥದ್ದನ್ನೆಲ್ಲ ಬಳಸಿ ಚಲನ್ ಹಾಕುವುದು ಹೇಗೆ ಅಂತ ಹೇಳುವ ನಿಯಮ. ಇಂಥ ಉಪಕರಣ ಇರುವ ರಸ್ತೆಗೆ ಮೊದಲೇ, ಎಲ್ಲರಿಗೂ ಕಾಣುವ ಹಾಗೆ, ಎಚ್ಚರಿಕೆಯ ಬೋರ್ಡ್ ಹಾಕಬೇಕು ಅಂತ ಅದರಲ್ಲೇ ಇದೆ. "ಮುಂದೆ ವೇಗ ನೋಡುತ್ತಾರೆ" ಅಂತ ಸರ್ಕಾರವೇ ಬರೆದು ನಿಲ್ಲಿಸಬೇಕಾದ ಮಾತನ್ನು ನೀವು ಲೈಟಿನಲ್ಲಿ ಹೇಳಿದಿರಿ, ಅಷ್ಟೇ ಅಲ್ವಾ? ಗೂಗಲ್ ಮ್ಯಾಪ್ಸ್ ಕೂಡ ಕ್ಯಾಮೆರಾ ಇರುವ ಜಾಗ ತೋರಿಸುತ್ತದೆ.

ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 1910ರಷ್ಟು ಹಿಂದೆಯೇ, ವೇಗವಾಗಿ ಬರುತ್ತಿದ್ದ ಕಾರುಗಳನ್ನು ಎಚ್ಚರಿಸಿದ ಒಬ್ಬನದ್ದು ಅಡ್ಡಿ ಎಂದೇ ತೀರ್ಪಾಯಿತು. ಆದರೆ 2005ರಲ್ಲಿ ಒಬ್ಬ ಲಾರಿ ಡ್ರೈವರ್ ಬಿಡುಗಡೆ ಆದ. ಎದುರಿನವರು ನಿಜವಾಗಿ ಮಿತಿ ಮೀರಿದ್ದರು ಎಂದು ತೋರಿಸಲು ಆಗಲಿಲ್ಲ. ಅಮೆರಿಕದ ಮಿಸೌರಿಯಲ್ಲಿ 2014ರಲ್ಲಿ ಫೆಡರಲ್ ಕೋರ್ಟ್ ಹೆಡ್‌ಲೈಟ್ ಮಿಂಚಿಸುವುದನ್ನು ಮಾತಿನ ಸ್ವಾತಂತ್ರ್ಯದ ಪಕ್ಕದಲ್ಲೇ ಇಟ್ಟಿತು. ಇವು ಯಾವುದೂ ಪಡುಬಿದ್ರಿಯಲ್ಲಿ ನಡೆಯುವ ಕಾನೂನಲ್ಲ, ಭಾವನಿಗೆ ಹೇಳಿ.

ಈಗ ನಿಜವಾಗಿ ಹುಷಾರಾಗಬೇಕಾದ ಜಾಗಕ್ಕೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 188 ಕೆಲವು ತಪ್ಪುಗಳಿಗೆ ಕುಮ್ಮಕ್ಕು ಕೊಡುವವರಿಗೂ ತಪ್ಪು ಮಾಡಿದವರಷ್ಟೇ ಶಿಕ್ಷೆ ಅನ್ನುತ್ತದೆ. ಅಪಾಯಕಾರಿ ಚಾಲನೆ (184), ಕುಡಿದು ಓಡಿಸುವುದು (185), ಓಡಿಸುವ ಸ್ಥಿತಿಯಲ್ಲಿ ಇಲ್ಲದೆ ಓಡಿಸುವುದು (186) ಆ ಪಟ್ಟಿಯಲ್ಲಿವೆ. ಬರೀ ಅತಿವೇಗದ ಸೆಕ್ಷನ್ 183 ಇಲ್ಲ. ಇದ್ದಿದ್ದರೂ, ನಿಧಾನ ಹೋಗು ಅನ್ನುವುದು ಕುಮ್ಮಕ್ಕು ಹೇಗಾಗುತ್ತದೆ? ಆದರೆ ರಾತ್ರಿ ಊದಿಸಿ ನೋಡುವ ಕಡೆ "ಈ ದಾರಿ ಬೇಡ, ಒಳ ರಸ್ತೆಯಲ್ಲಿ ಬಾ" ಅಂತ ಕುಡಿದ ಗೆಳೆಯನಿಗೆ ಹೇಳಿದರೆ ಕಥೆ ಬೇರೆ. ನಿಮ್ಮ ಮಾತು ಕೇಳಿದವನು ವೇಗ ಇಳಿಸುವುದಿಲ್ಲ, ತಪ್ಪಿಸಿಕೊಳ್ಳುತ್ತಾನೆ. ನಮ್ಮ ಕಡೆ ಅಕ್ರಮ ಮರಳು ಲಾರಿಯ ಮುಂದೆ ಬೈಕಿನಲ್ಲಿ ಹೋಗಿ "ದುಂಬು ಪೊಲೀಸ್ ಉಲ್ಲೆರ್" (ಮುಂದೆ ಪೊಲೀಸ್ ಇದ್ದಾರೆ) ಅಂತ ತುಳುವಿನಲ್ಲಿ ಫೋನ್ ಮಾಡುವವರು ಇರುತ್ತಾರಲ್ಲ, ಅವರೂ ಕೊಡುವುದು ಎಚ್ಚರಿಕೆಯೇ. ಅದು ಕಳ್ಳತನದಲ್ಲಿ ಪಾಲು. ಇದೆರಡನ್ನೂ ನಿಮ್ಮ ಹೆಡ್‌ಲೈಟಿನ ಜೊತೆ ಬೆರೆಸಬೇಡಿ.

ಲೈಟ್ ಮಿಂಚಿಸುವುದರ ಬಗ್ಗೆ ಒಂದು ಮಾತು. ನಮ್ಮಲ್ಲಿ ಅದಕ್ಕೆ ಹತ್ತು ಅರ್ಥ. ಯೂ ಟರ್ನ್ ದೂರ ಅಂತ ರಾಂಗ್ ಸೈಡಲ್ಲಿ ಬರುವವನೂ ಮಿಂಚಿಸುತ್ತಾನೆ, ಓವರ್‌ಟೇಕ್ ಮಾಡುವ ಬಸ್ಸೂ ಮಿಂಚಿಸುತ್ತದೆ. ಒಮ್ಮೆ ಪಡುಬಿದ್ರಿ ಹತ್ತಿರ ಎದುರಿನ ಟೆಂಪೋ ಎರಡು ಸಲ ಮಿಂಚಿಸಿತು. ಪೊಲೀಸ್ ಇರಬೇಕು ಅಂತ ಐವತ್ತಕ್ಕೆ ಇಳಿಸಿದೆ. ಪೊಲೀಸ್ ಯಾರೂ ಇರಲಿಲ್ಲ. ಮೀನಿನ ಲಾರಿ ರಸ್ತೆಯುದ್ದಕ್ಕೂ ನೀರು ಸುರಿಸಿಕೊಂಡು ಹೋಗಿತ್ತು. ಒಂದು ಸ್ಕೂಟರ್ ಅಡ್ಡ ಬಿದ್ದಿತ್ತು, ಅದರ ಹುಡುಗ ಮೊಣಕೈ ಹಿಡಿದು ಡಿವೈಡರ್ ಮೇಲೆ ಕೂತಿದ್ದ. ಟೆಂಪೋದವನು ಏನು ಹೇಳಲು ಹೊರಟನೋ, ನಾನು ಬ್ರೇಕ್ ಹಿಡಿದದ್ದು ಮಾತ್ರ ದಂಡದ ಹೆದರಿಕೆಗೆ.

ನೀವು ಮನೆಗೆ ಬಂದ ಮೇಲೆ ಮೆಸೇಜ್ ಹಾಕಿದ್ದು ಒಳ್ಳೆಯದಾಯಿತು. ನಾನು ಹಾಗೆ ಮಾಡಲಿಲ್ಲ. ಉಚ್ಚಿಲ ದಾಟಿ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಆಫೀಸ್ ಗ್ರೂಪಿಗೆ ಟೈಪ್ ಮಾಡುತ್ತಿದ್ದೆ. ಮುಂದೆ ಇನ್ನೊಂದು ಪೊಲೀಸ್ ತಂಡ ನಿಂತಿತ್ತು. ಓಡಿಸುವಾಗ ಕೈಯಲ್ಲಿ ಮೊಬೈಲ್ ಹಿಡಿದರೆ ಅದು 184ರ ಅಡಿ ಬರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಕಾರಿನ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡ. ಆದರೆ 184ಕ್ಕೆ 5,000ದವರೆಗೆ ಹೋಗಬಹುದು, ಜೈಲಿಗೂ ಅವಕಾಶ ಇದೆ. ಪೊಲೀಸಪ್ಪ ನನ್ನ ಸ್ಕ್ರೀನ್ ಕಡೆ ಬಗ್ಗಿ, "ಉಚ್ಚಿಲದಲ್ಲಿ ಪೊಲೀಸ್ ಇದ್ದಾರೆ, ನಿಧಾ" ಅಂತ ಅರ್ಧಕ್ಕೆ ನಿಂತದ್ದನ್ನು ಓದಿದರು. "ಪೂರ್ತಿ ಮಾಡಿ ಕಳಿಸಿ, ನಿಧಾನ ಬರ್ಲಿ" ಅಂತ ಹೇಳಿ, ಮೆಷಿನ್‌ನಿಂದ ರಸೀದಿ ತೆಗೆದು ಕೊಟ್ಟರು.

ನಿಮ್ಮ ಮೆಸೇಜ್ ಅಳಿಸಬೇಕಾಗಿಲ್ಲ. ಅದರ ಕೆಳಗೆ ಯಾರೋ ಆ ಪೊಲೀಸರ ಫೋಟೋ ಹಾಕಿ ಬೈದಿದ್ದಾರೆ ಅಂದಿರಲ್ಲ, ಅದನ್ನು ಮಾತ್ರ ಇವತ್ತೇ ತೆಗೆಸಿ.