ಮೊಳೆ, ಮುಚ್ಚಳ, ತಗಡು ತುಂಬಿದ ನೆಲದಲ್ಲಿ ಹಳೆ ನಾಣ್ಯ ಹುಡುಕುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹಳೆ ಮನೆಯೊಂದು ಬಿದ್ದುಹೋದ ಜಾಗ ಸಿಕ್ಕಿದೆ, ಮಾಲೀಕರ ಒಪ್ಪಿಗೆಯೂ ಇದೆ. ಆದರೆ ಮೆಟಲ್ ಡಿಟೆಕ್ಟರ್ ಆನ್ ಮಾಡಿದ ಕೂಡಲೇ ಅದರ ಬಡಬಡಿಕೆ ಶುರುವಾಗುತ್ತದೆ. ಅಗೆದರೆ ಮೊಳೆ, ಬಾಟಲಿ ಮುಚ್ಚಳ, ತಗಡಿನ ಚೂರು. ಕಬ್ಬಿಣ ಕೇಳಿಸದ ಹಾಗೆ ಸೆಟ್ ಮಾಡಿದರೆ ಯಂತ್ರ ಪೂರ್ತಿ ಗಪ್‌ಚುಪ್. ಇಂಥ ಕಡೆ ಹಳೆ ನಾಣ್ಯ ಸಿಗುತ್ತದಾ, ಇಲ್ಲ ಬೇರೆ ಜಾಗ ನೋಡಿಕೊಳ್ಳಬೇಕಾ?

ಜಾಗ ಬಿಡಬೇಡಿ. ಚೊಕ್ಕ ಬಯಲಿಗಿಂತ ನನಗೆ ಇಂಥ ನೆಲವೇ ಇಷ್ಟ. ಮೊಳೆ ಇದೆ ಎಂದರೆ ಅಲ್ಲಿ ಜನ ಇದ್ದರು ಅಂತ. ಜನ ಇದ್ದಲ್ಲೇ ತಾನೇ ದುಡ್ಡು ಬೀಳುವುದು? ನಿಮಗಿಂತ ಮುಂಚೆ ಯಾರಾದರೂ ಬಂದಿದ್ದರೂ ಇದೇ ಗದ್ದಲಕ್ಕೆ ಬೇಸತ್ತು ಹೋಗಿರುತ್ತಾರೆ. ಅವರು ಸುಲಭದ್ದನ್ನು ಎತ್ತಿಕೊಂಡಿರಬಹುದು, ಕಬ್ಬಿಣದ ಪಕ್ಕ ಅಡಗಿರುವುದನ್ನಲ್ಲ. ಆದರೆ ಒಂದು ಮಾತು: ಕಬ್ಬಿಣದ ಬಾಯಿ ಮುಚ್ಚಿಸುವುದನ್ನು ಮೊದಲು ನಿಲ್ಲಿಸಿ. ಕಸ ಮಾತಾಡಲಿ, ನೀವು ಕೇಳಿಸಿಕೊಳ್ಳಿ. ನಾನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಇದರ ವಿವರಣೆಯೇ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡಿ. ಹೆಚ್ಚಿನವರ ಕೈಯಲ್ಲಿ ಇರುವುದು ವಿಎಲ್‌ಎಫ್, ಅಂದರೆ ತೀರಾ ಕಡಿಮೆ ಫ್ರೀಕ್ವೆನ್ಸಿಯ ಡಿಟೆಕ್ಟರ್. ಕೋಲಿನ ತುದಿಯಲ್ಲಿರುವ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಅನ್ನುತ್ತಾರೆ. ಅದರೊಳಗಿನ ಒಂದು ತಂತಿಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ಸುಳಿ ಕರೆಂಟ್ ಹುಟ್ಟುತ್ತದೆ. ಆ ಕರೆಂಟ್ ಹುಟ್ಟಿಸುವ ಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಹೋದ ಅಲೆಗೂ ಬಂದ ಅಲೆಗೂ ಎಷ್ಟು ತಡ ಎಂದು ನೋಡಿ ಯಂತ್ರ ಪರದೆಯ ಮೇಲೆ ನಂಬರ್, ಕಿವಿಗೆ ಟೋನ್ ಕೊಡುತ್ತದೆ. ದಪ್ಪ ಬೆಳ್ಳಿ, ದಪ್ಪ ತಾಮ್ರ ಮೇಲಿನ ನಂಬರಿಗೆ ಬರುತ್ತವೆ. ತೆಳು ಫಾಯಿಲ್ ಕೆಳಗೆ, ಕಬ್ಬಿಣ ಅದಕ್ಕೂ ಕೆಳಗೆ.

ಅಂದರೆ ಯಂತ್ರಕ್ಕೆ ನಾಣ್ಯ ಅಂತ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಾಯಿಲ್ ಕೆಳಗೆ ಬಂದದ್ದೆಲ್ಲದರ ಒಟ್ಟು ಉತ್ತರ ಮಾತ್ರ. ಮೊಳೆ ಮತ್ತು ನಾಣ್ಯ ಅಕ್ಕಪಕ್ಕ ಇದ್ದರೆ ಬೆರಕೆ ಉತ್ತರ ಬರುತ್ತದೆ, ನಂಬರ್ ಕೆಳಗೆ ಇಳಿಯುತ್ತದೆ. ಡಿಸ್ಕ್ರಿಮಿನೇಶನ್, ಅಂದರೆ ಕಬ್ಬಿಣ ಕೇಳಿಸದ ಹಾಗೆ ಮಾಡುವ ಸೆಟ್ಟಿಂಗ್, ಹಾಕಿದ್ದರೆ ಇನ್ನೂ ಕಷ್ಟ. ಮೊಳೆ ಸಿಕ್ಕಿದ ಕೂಡಲೇ ಯಂತ್ರ ಸದ್ದು ನಿಲ್ಲಿಸುತ್ತದೆ. ಮತ್ತೆ ತಯಾರಾಗಲು ಅದಕ್ಕೆ ಒಂದು ಕ್ಷಣ ಬೇಕು. ಅಷ್ಟರಲ್ಲಿ ಕಾಯಿಲ್ ನಾಣ್ಯವನ್ನು ದಾಟಿರುತ್ತದೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ನಿಮ್ಮ ಯಂತ್ರ ಗಪ್‌ಚುಪ್ ಆದದ್ದು ಅಲ್ಲಿ ಏನೂ ಇಲ್ಲ ಅಂತಲ್ಲ. ಎಲ್ಲ ಕಡೆ ಕಬ್ಬಿಣ ಇದೆ ಅಂತ.

ಈ ತಲೆನೋವು ಡಿಟೆಕ್ಟರ್‌ನಷ್ಟೇ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿದ್ದಿತ್ತು. ಮೈಯೊಳಗಿದ್ದ ಆ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಡಕ್ಷನ್ ಬ್ಯಾಲೆನ್ಸ್ ಎಂಬ ತಮ್ಮ ಲೋಹ ಪತ್ತೆ ಯಂತ್ರ ತಂದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಯಂತ್ರವನ್ನು ಕೆಡಿಸಿದವು ಎಂಬುದು ಒಂದು ಕಾರಣ. ಗುಂಡು ಇಲ್ಲದ ಬದಿಯಲ್ಲಿ ಹುಡುಕಿಸಿದರು ಎಂಬುದು ಇನ್ನೊಂದು. ಬೆಲ್ ಅವರಿಗೇ ಹಾಸಿಗೆ ಕೈಕೊಟ್ಟ ಮೇಲೆ ನಾವು ಮೊಳೆಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಕಿಲ್ಲ ಬಿಡಿ.

ಜಾಗಕ್ಕೆ ಹೋಗುವ ಮುಂಚೆ ಒಂದು ಪ್ರಯೋಗ ಮಾಡಿ. ಒಂದು ಮರದ ಹಲಗೆ ತೆಗೆದುಕೊಳ್ಳಿ. ಅದರಲ್ಲಿ ಲೋಹ ಇರಬಾರದು, ಅದನ್ನು ಇಡುವ ನೆಲದಲ್ಲೂ ಇರಬಾರದು. ನಡುವೆ ಒಂದು ನಾಣ್ಯ, ಸುತ್ತ ನಾಲ್ಕು ತುಕ್ಕು ಮೊಳೆ ಇಡಿ. ಮೊದಲು ಡಿಸ್ಕ್ರಿಮಿನೇಶನ್ ಹಾಕಿ ಕಾಯಿಲ್ ಆಡಿಸಿ. ಆಮೇಲೆ ತೆಗೆದು ಆಡಿಸಿ. ಬೇಗ ಆಡಿಸಿ, ನಿಧಾನ ಆಡಿಸಿ. ಹಲಗೆಯ ಸುತ್ತ ತಿರುಗಿ ಬೇರೆ ಬೇರೆ ದಿಕ್ಕಿನಿಂದ ಆಡಿಸಿ. ಮೊಳೆಗಳನ್ನು ಸ್ವಲ್ಪ ಹತ್ತಿರ, ಸ್ವಲ್ಪ ದೂರ ಸರಿಸಿ. ನಾಣ್ಯ ಯಾವಾಗ ಮಾಯವಾಗುತ್ತದೆ, ಯಾವಾಗ ಚೂರು ಇಣುಕುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ. ಮ್ಯಾನ್ಯುಯಲ್ ಎಷ್ಟು ಓದಿದರೂ ಇದು ಬರುವುದಿಲ್ಲ.

ಇನ್ನು ಕಾಯಿಲ್. ಒಂದೇ ಒಂದು ಖರ್ಚು ಮಾಡುವುದಾದರೆ ನಿಮ್ಮ ಯಂತ್ರಕ್ಕೆ ಹೊಂದುವ 5 ಅಥವಾ 6 ಇಂಚಿನ ಚಿಕ್ಕ ಕಾಯಿಲ್ ತೆಗೆದುಕೊಳ್ಳಿ. 11 ಇಂಚಿನ ಕಾಯಿಲ್ ಕೆಳಗೆ ಒಂದೇ ಸಲಕ್ಕೆ ಆರೇಳು ಮೊಳೆ ಬರುವ ಕಡೆ ಚಿಕ್ಕದರ ಕೆಳಗೆ ಒಂದೋ ಎರಡೋ ಬರುತ್ತವೆ. ನಡುವಿನ ಸಂದಿಗೆ ನುಗ್ಗಲು ಅದಕ್ಕೆ ಸಾಧ್ಯ. ಆಳ ಕಡಿಮೆಯಾಗುತ್ತದೆ, ನಿಜ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಯಿಲ್‌ನಿಂದ ದೂರ ಹೋದ ಹಾಗೆ ಸಣ್ಣ ವಸ್ತುವಿನ ಸಿಗ್ನಲ್ ಭಯಂಕರ ಬೇಗ ಕುಸಿಯುತ್ತದೆ. ಆಳದಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ಹತ್ತಿರ ಹತ್ತಿರ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ದೊಡ್ಡ ಕಾಯಿಲ್ ಹಾಕಿದರೂ ಆಳದಲ್ಲಿ ಸಿಗುವ ಲಾಭ ನೀವು ಅಂದುಕೊಂಡಷ್ಟು ಇರುವುದಿಲ್ಲ. ಕಸದ ನೆಲದಲ್ಲಿ ನಾಣ್ಯ ತಪ್ಪಿಹೋಗುವುದು ಆಳಕ್ಕಿಂತ ಜಾಸ್ತಿ ಪಕ್ಕದ ಕಬ್ಬಿಣದಿಂದ.

ಡಿಡಿ ಕಾಯಿಲ್ (D ಆಕಾರದ ಎರಡು ಸುರುಳಿ ನಡುವೆ ಒಂದರ ಮೇಲೊಂದು ಬರುವಂಥದ್ದು) ಒಳ್ಳೆಯದಾ, ಕಾನ್ಸೆಂಟ್ರಿಕ್ (ಒಂದು ಸುರುಳಿಯೊಳಗೆ ಇನ್ನೊಂದು ಇರುವಂಥದ್ದು) ಒಳ್ಳೆಯದಾ ಅಂತ ಜಗಳ ಆಡುವವರಿದ್ದಾರೆ. ಡಿಡಿಯಲ್ಲಿ ಕ್ಷೇತ್ರ ನಡುಗೆರೆಯ ಉದ್ದಕ್ಕೂ ತೆಳುವಾಗಿ ಇಳಿಯುತ್ತದೆ, ಅದರಿಂದ ಅಕ್ಕಪಕ್ಕದ ವಸ್ತುಗಳನ್ನು ಚೆನ್ನಾಗಿ ಬಿಡಿಸುತ್ತದೆ. ಖನಿಜ ಜಾಸ್ತಿ ಇರುವ ಮಣ್ಣಿನಲ್ಲೂ ಸಮಾಧಾನವಾಗಿರುತ್ತದೆ. ಆದರೆ ಚಪ್ಪಟೆ ಕಬ್ಬಿಣ, ಬಾಟಲಿ ಮುಚ್ಚಳ ಬಂದಾಗ ಬೇಗ ಮೋಸ ಹೋಗುತ್ತದೆ. ನಾನು ಡಿಡಿಯನ್ನೇ ಬಳಸುತ್ತೇನೆ, ಮುಚ್ಚಳಕ್ಕೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಸೆಟ್ಟಿಂಗ್‌ನಲ್ಲಿ ನಾನು ಮೊದಲು ಮುಟ್ಟುವುದು ರಿಕವರಿ ಸ್ಪೀಡ್. ಕೆಲವು ಯಂತ್ರಗಳಲ್ಲಿ ಇದಕ್ಕೆ ರಿಯಾಕ್ಟಿವಿಟಿ ಅನ್ನುತ್ತಾರೆ. ಒಂದು ವಸ್ತುವಿಗೆ ಉತ್ತರ ಕೊಟ್ಟು ಮುಂದಿನದಕ್ಕೆ ಎಷ್ಟು ಬೇಗ ತಯಾರಾಗಬೇಕು ಅಂತ ಹೇಳುವ ಗುಂಡಿ ಇದು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಲ್ಲಿ 1ರಿಂದ 8ರವರೆಗೆ ಇದೆ. ಕಬ್ಬಿಣ ದಟ್ಟವಾಗಿದ್ದರೆ ಇದನ್ನು ಏರಿಸಿ. ಸದ್ದುಗಳು ಚುಟುಕಾಗುತ್ತವೆ, ಆಳ ಸ್ವಲ್ಪ ಹೋಗುತ್ತದೆ, ಆದರೆ ಬಿಡಿಬಿಡಿಯಾಗಿ ಕೇಳಿಸುತ್ತವೆ. ಸೆನ್ಸಿಟಿವಿಟಿ ಇಳಿಸಿ. ಪೂರ್ತಿ ಏರಿಸಿಟ್ಟರೆ ಪಕ್ಕದ ಕಬ್ಬಿಣ, ದೂರದ ಕಬ್ಬಿಣ ಎಲ್ಲ ಒಟ್ಟಿಗೆ ಕೂಗುತ್ತವೆ. ಕಬ್ಬಿಣಕ್ಕೆ ಕೆಳ ಟೋನ್ ಇಟ್ಟು, ಅದರ ವಾಲ್ಯೂಮ್ ಮಾತ್ರ ತಗ್ಗಿಸಲು ಆದರೆ ತಗ್ಗಿಸಿ. ಪೂರ್ತಿ ತೆಗೆಯಬೇಡಿ. ಐವತ್ತು ಟೋನ್ ಕೊಡುವ ಯಂತ್ರಗಳಿವೆ, ನನಗೆ ಎರಡು ಮೂರು ಟೋನ್ ಸಾಕು. ಗದ್ದಲದಲ್ಲಿ ಸಂಗೀತ ಕಚೇರಿ ಯಾಕೆ ಬೇಕು?

ಹೆಡ್‌ಫೋನ್ ಹಾಕಿಕೊಳ್ಳಿ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿರಲಿ, ಕೊನೆಯಲ್ಲಿ ಮೇಲಕ್ಕೆ ಎತ್ತಬೇಡಿ. ಬೀಸು ಚಿಕ್ಕದಿರಲಿ, ಬಹಳ ನಿಧಾನ ಇರಲಿ. ನೋಡಿದವರಿಗೆ ಬೋರ್ ಆಗುವಷ್ಟು ನಿಧಾನ. ಗುರ್ ಗುರ್ ಎಂಬ ಕಬ್ಬಿಣದ ಸದ್ದಿನ ನಡುವೆ ಒಂದು ಸಣ್ಣ ಮೇಲಿನ ಟೋನ್ ಇಣುಕಿ ಹೋದರೆ ಅಲ್ಲೇ ನಿಲ್ಲಿ. ಅದೇ ಜಾಗದ ಮೇಲೆ ಕಾಯಿಲ್ ಸಣ್ಣಗೆ ಅಲ್ಲಾಡಿಸಿ. ಆಮೇಲೆ ಕಾಲು ಸುತ್ತು ತಿರುಗಿ ಅಡ್ಡ ದಿಕ್ಕಿನಿಂದ ಕೇಳಿ. ಎರಡೂ ಕಡೆಯಿಂದ ಅದೇ ಜಾಗದಲ್ಲಿ ಬಂದರೆ ಸುಮ್ನೆ ಯೋಚಿಸಬೇಡಿ, ಅಗೆಯಿರಿ.

ಬಾಗಿದ ಮೊಳೆ, ದೊಡ್ಡ ತುಕ್ಕು ಕಬ್ಬಿಣ ಕೂಡ ಮೇಲಿನ ಟೋನ್ ಕೊಟ್ಟು ಆಟ ಆಡಿಸುತ್ತವೆ. ಗುರುತು ಹೀಗೆ: ಮೊಳೆಯ ಮೇಲಿನ ಟೋನ್ ಹೆಚ್ಚಾಗಿ ಅದರ ತುದಿಯಲ್ಲಿ ಬರುತ್ತದೆ. ಅಡ್ಡ ತಿರುಗಿದರೆ ಟೋನ್ ಜಾಗ ಬದಲಿಸುತ್ತದೆ, ಇಲ್ಲ ಕಾಣೆಯಾಗುತ್ತದೆ. ಪಿನ್‌ಪಾಯಿಂಟ್ ಮೋಡ್ ಒತ್ತಿದರೆ ಅದು ತೋರಿಸುವ ನಡು ಒಂದು ಕಡೆ, ನೀವು ಟೋನ್ ಕೇಳಿದ್ದು ಇನ್ನೊಂದು ಕಡೆ. ಆದರೆ ಒಂದೇ ದಿಕ್ಕಿನಿಂದ ಬರುವ ಟೋನ್ ಎಲ್ಲ ಸುಳ್ಳು ಅಂತ ಬಿಡಬೇಡಿ. ನಾಣ್ಯದ ಪಕ್ಕ ಮೊಳೆ ಇದ್ದರೂ ಒಂದು ಕಡೆಯಿಂದ ಮಾತ್ರ ಕೇಳಿಸುತ್ತದೆ. ಒಂದೇ ದಿಕ್ಕಿನಿಂದ ಬಂದರೂ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತಿದ್ದರೆ ನಾನು ಅಗೆಯುತ್ತೇನೆ. ಹತ್ತರಲ್ಲಿ ಹೆಚ್ಚಿನವು ಮೊಳೆಯೇ ಆದರೂ ಪರವಾಗಿಲ್ಲ.

ಬಾಟಲಿ ಮುಚ್ಚಳ ಚಪ್ಪಟೆ ಉಕ್ಕು. ಗುಂಡಗಿನ ಬಿಲ್ಲೆ ಆದ್ದರಿಂದ ಅದರಲ್ಲಿ ಸುಳಿ ಕರೆಂಟ್ ಚೆನ್ನಾಗಿ ಓಡುತ್ತದೆ, ಯಂತ್ರ ಇದು ನಾಣ್ಯ ಅಂದುಕೊಳ್ಳುತ್ತದೆ. ಆಗ ಕಾಯಿಲ್ ಅಲ್ಲಾಡಿಸುತ್ತಾ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ವಸ್ತು ಕಾಯಿಲ್‌ನ ಮೂತಿಯ ಅಂಚಿಗೆ ಬಂದಾಗ ಮುಚ್ಚಳವಾಗಿದ್ದರೆ ಟೋನ್ ಒಡೆದು ಕಬ್ಬಿಣದ ಗುರ್ ಶುರುವಾಗುತ್ತದೆ. ನಾಣ್ಯವಾಗಿದ್ದರೆ ಟೋನ್ ಹಾಗೇ ಸಣ್ಣಗಾಗಿ ಮಾಯವಾಗುತ್ತದೆ. ನೂರಕ್ಕೆ ನೂರು ಅಲ್ಲ, ಆದರೆ ಬೆನ್ನು ಎಷ್ಟೋ ಉಳಿಯುತ್ತದೆ.

ಅಲ್ಯೂಮಿನಿಯಂಗೆ ಇಂಥ ಉಪಾಯ ಇಲ್ಲ. ಅದು ಕಬ್ಬಿಣದ ಹಾಗೆ ಅಯಸ್ಕಾಂತಕ್ಕೆ ಅಂಟುವ ಲೋಹ ಅಲ್ಲ, ಕರೆಂಟ್ ಹರಿಸುವುದರಲ್ಲಿ ಚಿನ್ನಕ್ಕೆ ಹತ್ತಿರ. ನಂಬರ್ ಲೋಹದ ಮೇಲೆ ಮಾತ್ರ ನಿಂತಿಲ್ಲ, ಗಾತ್ರ, ದಪ್ಪ, ಆಕಾರ ಎಲ್ಲ ಸೇರುತ್ತವೆ. ಹಾಗಾಗಿ ತಂಪು ಪಾನೀಯದ ಡಬ್ಬಿ ತೆರೆಯುವ ರಿಂಗ್ ಮತ್ತು ಚಿನ್ನದ ಉಂಗುರ ಒಂದೇ ನಂಬರಿನಲ್ಲಿ ಕೂತಿರಬಹುದು. ಸುತ್ತಿಗೆಯಿಂದ ಬಡಿದು ಮಾಡಿದ ತೆಳು ಬೆಳ್ಳಿ ನಾಣ್ಯ ಕೂಡ ಬೆಳ್ಳಿ ಎಂಬ ಕಾರಣಕ್ಕೆ ಮೇಲೆ ಬರುವುದಿಲ್ಲ, ಫಾಯಿಲ್ ಜೊತೆಯಲ್ಲೇ ಇರಬಹುದು. ದಪ್ಪ ಬೆಳ್ಳಿ, ತಾಮ್ರ ಮಾತ್ರ ಬೇಕು ಅಂದರೆ ಮೇಲಿನ ಟೋನ್ ಮಾತ್ರ ಅಗೆಯಿರಿ, ತಪ್ಪೇನಿಲ್ಲ. ಬೇರೆ ಎಲ್ಲ ಬಿಟ್ಟು ಹೋಗುತ್ತಿದೆ ಅಂತ ಗೊತ್ತಿದ್ದರಾಯಿತು.

ಅಂದ ಹಾಗೆ, ಅಗೆದ ಕಸವನ್ನು ಬಿಸಾಕುವ ಮುಂಚೆ ಒಂದು ಸಲ ನೋಡಿ. ನನಗೆ ಈ ಹವ್ಯಾಸದಲ್ಲಿ ನಾಣ್ಯದಷ್ಟೇ ಖುಷಿ ಕೊಡುವುದು ಇದು. ಅಂಚು ಮಡಚಿದ ಬಾಟಲಿ ಮುಚ್ಚಳಕ್ಕೆ ಪೇಟೆಂಟ್ ಸಿಕ್ಕಿದ್ದು 1892ರಲ್ಲಿ, ವಿಲಿಯಂ ಪೇಂಟರ್ ಅವರಿಗೆ. ಡಬ್ಬಿಯಿಂದ ಕಿತ್ತು ಬಿಸಾಡುವ ರಿಂಗ್ 1960ರ ದಶಕದಲ್ಲಿ ಬಂತು. ಡಬ್ಬಿಯಲ್ಲೇ ಉಳಿಯುವ ರಿಂಗ್ ಬಂದದ್ದು 1970ರ ದಶಕದಲ್ಲಿ. ಅಲ್ಯೂಮಿನಿಯಂ ಅಗ್ಗವಾದದ್ದೇ 1886ರಲ್ಲಿ ಚಾರ್ಲ್ಸ್ ಹಾಲ್ ಮತ್ತು ಪಾಲ್ ಎರೂ ಅದನ್ನು ಕರೆಂಟಿನಿಂದ ತೆಗೆಯುವ ದಾರಿ ಕಂಡುಕೊಂಡ ಮೇಲೆ. ಕೈಯಲ್ಲಿ ಬಡಿದ ಚೌಕ ಮೊಳೆ ಸಾಮಾನ್ಯವಾಗಿ ಗುಂಡನೆಯ ತಂತಿ ಮೊಳೆಗಿಂತ ಹಳೆಯದು. ಈಗ ನಿಮ್ಮ ಜಾಗ ನೋಡಿ. ಒಂದು ಮೂಲೆಯಲ್ಲಿ ಬರೀ ಚೌಕ ಮೊಳೆ, ಅಲ್ಯೂಮಿನಿಯಂ ಸುಳಿವೇ ಇಲ್ಲ ಅಂದರೆ ನಾನು ಅಲ್ಲೇ ಕೂತುಬಿಡುತ್ತೇನೆ. ಇನ್ನೊಂದು ಕಡೆ ಒಂದು ಗೇಣು ಆಳದಲ್ಲಿ ಡಬ್ಬಿಯ ರಿಂಗ್ ಸಿಕ್ಕಿದರೆ ಆ ಮಣ್ಣನ್ನು ಯಾರೋ ಇತ್ತೀಚೆಗೆ ಮಗುಚಿದ್ದಾರೆ ಅಥವಾ ಹೊರಗಿನಿಂದ ತಂದು ತುಂಬಿದ್ದಾರೆ. ಅಲ್ಲಿ ಹಳೆಯದು ಇದ್ದರೂ ತನ್ನ ಜಾಗದಲ್ಲಿ ಇರುವುದಿಲ್ಲ.

ಇಡೀ ಜಾಗ ಸುತ್ತಬೇಡಿ. ದಾರ ಕಟ್ಟಿ ಒಂದು ಸಣ್ಣ ಚೌಕ ಮಾಡಿಕೊಳ್ಳಿ. ಬಾಗಿಲ ಮುಂದಿನ ಜಾಗ, ಹಳೆ ಮರದ ಬುಡ, ಬಾವಿಯ ಸುತ್ತ, ಓಡಾಡುವ ದಾರಿ, ಇವುಗಳಿಂದ ಶುರು ಮಾಡಿ. ಮೇಲೆ ಕಾಣುವ ತಗಡು, ತಂತಿಯನ್ನು ಕೈಯಲ್ಲೇ ಎತ್ತಿ ಆಚೆ ಹಾಕಿ. ಒಂದು ದಿಕ್ಕಿನಲ್ಲಿ ಮುಗಿಸಿ, ಅಡ್ಡ ದಿಕ್ಕಿನಲ್ಲಿ ಇನ್ನೊಮ್ಮೆ ಬನ್ನಿ. ಕಬ್ಬಿಣ ತೀರಾ ದಟ್ಟ ಇದ್ದರೆ ಆ ಚೌಕದಲ್ಲಿ ಮೊಳೆಗಳನ್ನೂ ಅಗೆದು ತೆಗೆಯಿರಿ. ಹುಚ್ಚು ಅನ್ನಿಸಬಹುದು. ಆದರೆ ಒಂದು ಮೊಳೆ ಹೋದರೆ ಅದು ಮುಚ್ಚಿಟ್ಟಿದ್ದದ್ದು ಕೇಳಿಸುತ್ತದೆ. ಅದಕ್ಕೇ ಏನೇ ಸಿಕ್ಕರೂ ಗುಂಡಿಯನ್ನು ಮತ್ತೆ ಒಮ್ಮೆ ನೋಡದೆ ಮುಚ್ಚಬೇಡಿ, ತೆಗೆದ ಮಣ್ಣನ್ನೂ ನೋಡಿ. ಮಳೆ ಬಂದು ನೆಲ ಒದ್ದೆಯಾದ ಮೇಲೆ ಬಂದರೆ ಅಗೆಯುವುದೂ ಸುಲಭ.

ಅಗೆಯುವಾಗ ಸಿಗ್ನಲ್ ಮೇಲೆಯೇ ಗುದ್ದಲಿ ಹಾಕಬೇಡಿ, ಬದಿಯಿಂದ ಬನ್ನಿ. ಕೊನೆಯ ಕೆಲಸ ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್) ಮತ್ತು ಬೆರಳಿನದು. ನಾಣ್ಯ ಕಂಡ ಖುಷಿಗೆ ಬಟ್ಟೆಗೆ ಉಜ್ಜುವುದು ಬೇಡವೇ ಬೇಡ. ಮಣ್ಣಿನ ಹರಳು ಗೀರು ಹಾಕುತ್ತದೆ. ತಾಮ್ರದ ಮೇಲಿನ ಹಸಿರು ಪದರದಲ್ಲೇ ಅಕ್ಷರ ಉಳಿದಿರುತ್ತದೆ, ಅದು ಉದುರಿದರೆ ಕೈಯಲ್ಲಿ ಬರೀ ಬಿಲ್ಲೆ. ಹಾಗೇ ಸುತ್ತಿ ಡಬ್ಬಿಗೆ ಹಾಕಿ, ಮನೆಗೆ ಹೋಗಿ ಸಮಾಧಾನವಾಗಿ ನೋಡಿ.

ದಪ್ಪ ಕೈಗವಸು ಕಡ್ಡಾಯ. ತುಕ್ಕು, ಒಡೆದ ಗಾಜು ಎರಡೂ ಇರುತ್ತವೆ. ಟೆಟನಸ್ ಚುಚ್ಚುಮದ್ದು ಆಗಿದೆಯಾ ಅಂತ ನೋಡಿಕೊಳ್ಳಿ. ವಿದ್ಯುತ್ ಕೇಬಲ್ ಹೋಗಿರಬಹುದಾದ ಕಡೆ ಅಗೆಯಬೇಡಿ. ಸ್ಫೋಟಕದ ಹಾಗೆ ಕಾಣುವುದು ಸಿಕ್ಕರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಹೇಳಿ. ಮಾಲೀಕರು ಒಪ್ಪಿದರೆ ಎಲ್ಲ ಮುಗಿಯಿತು ಅಂತಲ್ಲ. ಹಳೆ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೇ, ಡಿಟೆಕ್ಟರ್ ಬಳಸಲು ಪರವಾನಗಿ ಬೇಕೇ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಅದನ್ನು ಅಗೆಯುವ ಮುಂಚೆಯೇ ತಿಳಿದುಕೊಳ್ಳಿ. ಸಂರಕ್ಷಿತ ಸ್ಮಾರಕಗಳ ಹತ್ತಿರವಂತೂ ಹೋಗಲೇಬೇಡಿ.

ನಿಮ್ಮ ಯಂತ್ರ ಯಾವುದು ಅಂತ ಬರೆದಿಲ್ಲ. ಹಳೆ ಮಾಡೆಲ್ ಆಗಿ ರಿಕವರಿ ಸ್ಪೀಡ್ ಗುಂಡಿಯೇ ಇಲ್ಲದಿದ್ದರೆ ಚಿಕ್ಕ ಕಾಯಿಲ್, ಕಡಿಮೆ ಡಿಸ್ಕ್ರಿಮಿನೇಶನ್, ನಿಧಾನದ ಬೀಸು, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಬೇರೆಯವರ ನಂಬರ್ ಪಟ್ಟಿ ನೋಡಿ ಅಗೆಯಬೇಡಿ, ಪ್ರತಿ ಕಂಪನಿಯ ಅಳತೆ ಬೇರೆ. ಬಿಟ್ಟುಬಿಟ್ಟು ಕಾಂತಕ್ಷೇತ್ರ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಇದ್ದರೆ ಮಾತ್ರ ಅದನ್ನು ಇಲ್ಲಿಗೆ ತರಬೇಡಿ. ಉಪ್ಪುನೀರಿನ ಮರಳಿಗೆ ಅದು ಸರಿ, ಕಬ್ಬಿಣವನ್ನು ಬೇರೆ ಮಾಡಿ ಹೇಳುವುದರಲ್ಲಿ ಬಹಳ ಹಿಂದೆ. ಈ ಜಾಗಕ್ಕೆ ಸ್ನೇಹಿತರ ಹತ್ತಿರ ಒಂದು ಸಾಧಾರಣ ವಿಎಲ್‌ಎಫ್ ಕೇಳಿ ತಂದರೂ ಅದಕ್ಕಿಂತ ವಾಸಿ.