ಕನ್ನಡ ರ‍್ಯಾಪ್: ಬೀಟ್ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸಿನಿಮಾ ಹಾಡುಗಳಲ್ಲೂ ಈಗ ರ‍್ಯಾಪ್ ಬಂದಿದೆ. ಮಗಳು ಕನ್ನಡದಲ್ಲಿ ಬರೆದಿದ್ದಾಳೆ, ಆದರೆ ಹೇಳುವಾಗ ತಾಳ ತಪ್ಪುತ್ತದೆ. ಏನು ಮಾಡಲಿ?
– ಓದುಗರು, ಡೊಂಬಿವಿಲಿ

ಉತ್ತರ: ಮುಂಬಯಿಯ ಕುರ್ಲಾ, ಅಂಧೇರಿಯ ಹುಡುಗರ ಗಲ್ಲಿ ರ‍್ಯಾಪ್ 2019ರ ಹಿಂದಿ ಸಿನಿಮಾ ‘ಗಲ್ಲಿ ಬಾಯ್’ ಹೊತ್ತಿಗೆ ದೊಡ್ಡ ಪರದೆಗೇ ಏರಿತು. ಅವರು ಮನೆಮಾತಿನ ಲಯ ಬಿಡಲಿಲ್ಲ. ನಿಮ್ಮ ಮಗಳೂ ಬಿಡಬಾರದು.

ತಾಳ ತಪ್ಪುವುದು ಹೆಚ್ಚಾಗಿ ಗ್ರಾಂಥಿಕ ಕ್ರಿಯಾಪದದಿಂದ. ನಾಲ್ಕು ಬೀಟಿನ ಒಂದು ಆವರ್ತ, ಅಂದರೆ ಒಂದು ಬಾರ್‌ನಲ್ಲಿ, ಬೀಟಿಗೆ ನಾಲ್ಕರಂತೆ, 16 ಮಾತ್ರೆಗಳಿಗೆ ಜಾಗ. ‘ಹೋಗುತ್ತಿದ್ದೇನೆ’ ಒಂದೇ 9 ಮಾತ್ರೆ ನುಂಗುತ್ತದೆ. ‘ಹೋಗ್ತಿದೀನಿ’ಗೆ 6 ಸಾಕು. ಆಡುಮಾತಲ್ಲೇ ಬರೆಯಲಿ.

ಇನ್ನೊಂದು ತೊಡಕು ಪ್ರಾಸದ್ದು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದರಿಂದ ಸಾಲು ಸಾಲೂ ‘ತೀನಿ, ತೀನಿ’ ಎಂದು ಮುಗಿದು ಬೇಸರ ಹುಟ್ಟಿಸುತ್ತದೆ. ಕ್ರಿಯಾಪದವನ್ನು ಮುಂದೆ ತಂದು ಕೊನೆಗೆ ನಾಮಪದ ಇಡಲಿ: ‘ಹಿಡೀತೀನಿ ಓಡಿ ಎಂಟರ ಲೋಕಲ್ಲು’. ನಮ್ಮ ಹಳೆಯ ಕಾವ್ಯದ ಎರಡನೇ ಅಕ್ಷರದ ಪ್ರಾಸ (ಗಲ್ಲಿ, ಬೆಲ್ಲ, ಕಲ್ಲು) ರ‍್ಯಾಪಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ, ಬಳಸುವವರೇ ಕಡಿಮೆ.

ಮೊಬೈಲ್ ಮೆಟ್ರೋನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ ಆ್ಯಪ್) ಅನ್ನು ಮೊದಲು ನಿಮಿಷಕ್ಕೆ 70 ಬೀಟಿಗೆ ಇಟ್ಟು, ಸಲೀಸಾದ ಮೇಲೆ 90ಕ್ಕೆ ಏರಿಸಿ. 90ರಲ್ಲಿ 16 ಬಾರ್ ಅಂದರೆ ಸುಮಾರು 43 ಸೆಕೆಂಡು. ಎರಡು ಬಾರ್‌ಗೊಮ್ಮೆ ಉಸಿರಿನ ಜಾಗ ಖಾಲಿ ಬಿಡಲೇಬೇಕು. ಇಲ್ಲದಿದ್ದರೆ ಸಾಲಿನ ಕೊನೆಯ ಅಕ್ಷರ ಸಾಯುತ್ತದೆ. ರೆಕಾರ್ಡಿಂಗ್‌ಗೆ ಬಟ್ಟೆ ತುಂಬಿದ ಕಪಾಟು ತೆರೆದು, ಅದರೆದುರು ಮೈಕಿನಿಂದ ಒಂದು ಗೇಣು ದೂರ ನಿಲ್ಲಲಿ. ಹಿನ್ನೆಲೆಗೆ ಬಳಸುವ ಸಂಗೀತ (ಇದಕ್ಕೂ ಬೀಟ್ ಅಂತಲೇ ಹೆಸರು) ಬೇರೆಯವರದಾದರೆ ಬಿಡುಗಡೆಗೆ ಮುಂಚೆ ಲಿಖಿತ ಅನುಮತಿ ಪಡೆಯಿರಿ.