ತಣ್ಣನೆಯ ಸರೋವರದಲ್ಲಿ ಈಜು ಬಲ್ಲವರಿಗೂ ಲೈಫ್ ಜಾಕೆಟ್ ಏಕೆ ಬೇಕು?

ಬೇಕೇ ಬೇಕು. ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ನಮ್ಮ ಹಿಡಿತದಲ್ಲಿರುವುದಿಲ್ಲ, ಉಸಿರಿನ ಹಿಡಿತ ತಪ್ಪಿದವನಿಗೆ ಎಷ್ಟೇ ಒಳ್ಳೆಯ ಈಜು ಬಂದರೂ ಅದು ಕೈಗೂಡುವುದಿಲ್ಲ.

ಬಾಗಲಕೋಟೆಯ ಹಿನ್ನೀರಿನಲ್ಲಿ ಈಜಿ ಬೆಳೆದ ನೀವು ಎಂಟು ಮಂದಿ ಹಿಮಾಲಯದ ಸರೋವರದಲ್ಲಿ ದೋಣಿ ನಡೆಸಿ, ದಡದಲ್ಲಿ ಡೇರೆ ಹಾಕಲು ಹೊರಟಿರುವುದಾಗಿ ಬರೆದಿದ್ದೀರಿ. ನಮ್ಮ ಕಡೆಯ ನೀರು ಈ ಪಾಠವನ್ನು ಕಲಿಸುವುದಿಲ್ಲ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ನೀರು ಮೈಗೆ ತಾಗಿದೊಡನೆ ಚರ್ಮದ ನರಗಳ ಸಂಕೇತದಿಂದ ಬಾಯಿ ತಾನಾಗಿ ತೆರೆದು ದೊಡ್ಡದೊಂದು ಉಸಿರನ್ನು ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರೇ. ಈ ಏದುಸಿರು ಒಂದರಿಂದ ಮೂರು ನಿಮಿಷಗಳಲ್ಲಿ ತಹಬಂದಿಗೆ ಬರುತ್ತದೆ, ಅಲ್ಲಿಯವರೆಗೆ ಮುಖವನ್ನು ನೀರಿನ ಮೇಲಿಡುವುದೇ ಜಾಕೆಟಿನ ಕೆಲಸ. ಆನಂತರ, ನೀರು ತೀರಾ ತಣ್ಣಗಿದ್ದರೆ ಸುಮಾರು 10 ನಿಮಿಷಗಳಲ್ಲಿ, ಕೈಕಾಲುಗಳ ರಕ್ತಸಂಚಾರ ಕುಗ್ಗಿ ಬೆರಳುಗಳು ಮರಗಟ್ಟುತ್ತವೆ. ಜಾಕೆಟಿನ ಬಕಲ್ ಕಣ್ಣೆದುರಿಗೇ ಇದ್ದರೂ ಅದನ್ನು ಒತ್ತಿ ಕೂಡಿಸುವ ಕಸುವು ಉಳಿದಿರುವುದಿಲ್ಲ. ಆದ್ದರಿಂದ ಅದನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ದಡದಲ್ಲಿಯೇ ಬಿಗಿದು ಕಟ್ಟಿಕೊಳ್ಳಬೇಕು.

ದೋಣಿ ಮಗುಚಿದರೆ ದೂರದ ದಡಕ್ಕೆ ಈಜದೆ ದೋಣಿಯನ್ನೇ ಹಿಡಿದುಕೊಳ್ಳಿ. ಉಳಿದ ದೋಣಿಗಳು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರಲಿ. ಒದ್ದೆಯಾದ ಹತ್ತಿಬಟ್ಟೆ ಮೈಯನ್ನು ಬೆಚ್ಚಗಿಡುವುದಿಲ್ಲವಾದ್ದರಿಂದ ಉಣ್ಣೆಯ ಉಡುಪು ಧರಿಸಿ, ಪ್ರತಿಯೊಬ್ಬರ ಒಂದು ಜೊತೆ ಒಣ ಬಟ್ಟೆಯನ್ನು ನೀರು ನುಗ್ಗದ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ.